ಜಗಳದ ತರ್ಜುಮೆ

ನನ್ನ ಹೆಂಡತಿ ಇಂಗ್ಲೆಂಡಿನಲ್ಲಿ ನರ್ಸ್. ಅವಳ ಬಳಿ ಹೋಗಲು ನಾನು ವೀಸಾ ಅರ್ಜಿ ಹಾಕಿದಾಗ, ನಮ್ಮದು ನಿಜವಾದ ಮದುವೆ ಎನ್ನುವುದಕ್ಕೆ ಪುರಾವೆ ಕೇಳಿದರು. ಲಗ್ನದ ಫೋಟೋ ಸಾಲದಂತೆ. ನಾವಿಬ್ಬರೂ ಕಳಿಸಿಕೊಂಡ ಮೆಸೇಜುಗಳೂ ಬೇಕಂತೆ, ಅದೂ ಇಂಗ್ಲಿಷಿನಲ್ಲಿ. ನನಗೆ ಮೈಯೆಲ್ಲ ಉರಿಯಿತು. ನಮ್ಮೂರು ಶಿರಹಟ್ಟಿಯ ಅರ್ಧ ಜನ ಬಂದು ಉಂಡು ಹೋದ ಮದುವೆಗೆ ಇನ್ನೆಂಥ ಸಾಕ್ಷಿ?

ಆದರೂ ಆರು ತಿಂಗಳ ಮೆಸೇಜು ಪ್ರಿಂಟ್ ತೆಗೆಸಿಕೊಂಡು ಗದಗಿಗೆ ಹೋಗಿ, ತರ್ಜುಮೆ ಮಾಡಿಕೊಡುವ ನಿವೃತ್ತ ಮಾಸ್ತರರ ಮುಂದೆ ಕುಳಿತೆ. ಅವರು ನನ್ನವಳ ಮೆಸೇಜು ಜೋರಾಗಿಯೇ ಓದತೊಡಗಿದರು: “ಮತ್ತ ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿ ತಿಂದ್ರೇನು? ಎದಿ ಉರೀತೈತಿ ಅಂತ ಸಂಜಿಮುಂದ ನನಗ ಫೋನ್ ಹಚ್ಚಬ್ಯಾಡ್ರಿ.” ಪುಟಪುಟವೂ ಇದೇ. ಪ್ರೀತಿಯ ಮಾತು ಒಂದೂ ಇರಲಿಲ್ಲ. ಅರ್ಜಿ ಬಿದ್ದುಹೋಯಿತು ಎಂದುಕೊಂಡೆ.

ಮಾಸ್ತರರು ಕನ್ನಡಕ ತೆಗೆದರು. “ಅಂಜಬ್ಯಾಡ ತಮ್ಮಾ. ಸುಳ್ಳು ಲಗ್ನದಾಗ ಯಾರೂ ಇಷ್ಟು ಬೈಯಂಗಿಲ್ಲ.”

ಕೆಲವು ವಾರಗಳಲ್ಲಿ ವೀಸಾ ಬಂತು. ತಲೆ ಮೇಲಿನ ಭಾರ ಇಳಿದಂತಾಗಿ ಬಸ್ ಸ್ಟ್ಯಾಂಡಿನಿಂದಲೇ ಅವಳಿಗೆ ಫೋನ್ ಮಾಡಿದೆ. ಮೊದಲು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕೇಳಿದಳು:

“ಈಗ ಎಲ್ಲಿ ನಿಂತೀರಿ? ಕೈಯಾಗ ಮಿರ್ಚಿ ಐತಿ, ಹೌದಿಲ್ಲೋ?”

ಇತ್ತು.