ಅಮರಗುಂಡಪ್ಪನವರ ಆರಾಮು

ಮಸ್ಕಿಯ ಕಿರಾಣಿ ಅಂಗಡಿಯ ಅಮರಗುಂಡಪ್ಪನವರನ್ನು ಯಾರು ಹೇಗಿದ್ದೀರಿ ಎಂದು ಕೇಳಿದರೂ ಉತ್ತರ ಒಂದೇ: "ಆರಾಮ್ ಅದೀನ್ರಿ." ಅಂಗಡಿಯ ಮಾಳಿಗೆ ಕುಸಿದರೂ ಮಣ್ಣಿನೊಳಗಿಂದ ಅವರು ಇದನ್ನೇ ಹೇಳಿಯಾರು. ಹಣೆಗೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಹಳೆಯ ತಕ್ಕಡಿ. ಮುಳ್ಳು ಸರಿಯಾಗಿ ನಿಂತ ಮೇಲೂ ನಾಲ್ಕು ಕಾಳು ಹೆಚ್ಚಿಗೆ ಹಾಕಿ, "ತೂಕದಾಗ ಸುಳ್ಳು ನಡೆಂಗಿಲ್ಲ ತಮ್ಮಾ" ಎನ್ನುತ್ತಾರೆ. ಅವರ ಮಿದುಳಿನಲ್ಲಿ ಅಪರೂಪದ ಗಡ್ಡೆಯೊಂದಿದೆ. ಆ ಬಗೆಯ ಗಡ್ಡೆಗೆಂದೇ ಮಾಡಿದ ಹೊಸ ಗುಳಿಗೆಯನ್ನು ದೊಡ್ಡಾಸ್ಪತ್ರೆಯವರು ಕೆಲವರಿಗಷ್ಟೇ ಕೊಟ್ಟು ಪರೀಕ್ಷಿಸುತ್ತಿದ್ದಾರೆ; ಅವರಲ್ಲಿ ಇವರೂ ಒಬ್ಬರು. ಗುಳಿಗೆ ನುಂಗಿದ ಮೇಲೆ ಮೈ ಹೇಗಿದೆಯೆಂದು ದಿನವೂ ಒಂದು ಪುಸ್ತಕದಲ್ಲಿ ಬರೆಯಬೇಕು. ಇವರು ನಲವತ್ತು ದಿನವೂ "ಆರಾಮ" ಎಂದೇ ಬರೆದರು. "ನಿನ್ನೆ ವಾಂತಿ ಮಾಡ್ಕೊಂಡಾವ್ರು ಯಾರ್ರಿ, ನಾನೇನು?" ಎಂದು ಹೆಂಡತಿ ಗುರುಲಿಂಗಮ್ಮ ಕೇಳಿದರೆ, "ಕೆಟ್ಟದ್ದನ್ನ ಕಾಗದಕ್ಕ ಹಾಕಬಾರದು, ಸುಮ್ನಿರು" ಎನ್ನುವರು. ಈ ಸಲ ಡಾಕ್ಟರಮ್ಮ ಪುಸ್ತಕ ತೆರೆದು, ಬರೆದ ಮಾತನ್ನು ಬಿಟ್ಟು ಅಕ್ಷರಗಳ ಮೇಲೆ ಬೆರಳಾಡಿಸಿದರಂತೆ. ಮೊದಲ ಪುಟದಲ್ಲಿ ನೆಟ್ಟಗಿದ್ದ ಅಕ್ಷರಗಳು ಕೊನೆಯ ಪುಟದಲ್ಲಿ ಗೆರೆ ಬಿಟ್ಟು ಜಾರಿದ್ದವು. "ಯಜಮಾನ್ರೇ, ನೀವು ಬರೆದದ್ದನ್ನ ನೋಡೇ ಮುಂದಿನವರಿಗೆ ಔಷಧದ ತೂಕ ಗೊತ್ತು ಮಾಡ್ತೀವಿ" ಎಂದರಂತೆ. ಲಿಂಗಸುಗೂರು ದಾಟಿ ಮಸ್ಕಿ ಬರುವವರೆಗೂ ಅಮರಗುಂಡಪ್ಪನವರು ಬಸ್ಸಿನಲ್ಲಿ ಆ ಪುಸ್ತಕದ ಪುಟಗಳನ್ನೇ ತಿರುವುತ್ತಿದ್ದರು. ಮರುದಿನ ಪುಸ್ತಕವನ್ನು ತಕ್ಕಡಿಯ ಪಕ್ಕ ಇಟ್ಟುಕೊಂಡು, ಎಡಗೈಯಿಂದ ಬಲಗೈಯನ್ನು ಹಿಡಿದು ಬರೆದರು: "ಇವತ್ತು ತಕ್ಕಡಿ ಎತ್ತಾಕ ಆಗಲಿಲ್ಲ."