ಆನೆಯ ದನಿಗೆ ಸರಿ ಲೆಕ್ಕ

ಈಗಷ್ಟೇ ಬೆಳಕು ಹರಿಯುತ್ತಿದೆ. ದೊಡ್ಡಗಾಜನೂರಿನ ಮನೆಯ ಜಗಲಿಯಲ್ಲಿ ಶಾಂಭವಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವ ತಾಯಿ ಪುಟ್ಟಮಲ್ಲಮ್ಮ ಅಲ್ಲಿಂದಲೇ ಕೂಗುತ್ತಾರೆ: "ಆ ಪೆಟ್ಗೆ ಎಲ್ಗೂ ಓಡೋಗಕಿಲ್ಲ ಕಣವ್ವ, ಮೊದ್ಲು ಕಾಪಿ ಕುಡಿ." ಮಗಳು ನಗುತ್ತಾರೆ, ಏಳುವುದಿಲ್ಲ.

ದಿಂಬಂ ಘಾಟಿ ಇಳಿದು ಸತ್ಯಮಂಗಲದಲ್ಲಿ ಗಣಿತ ಓದಿದವರು ಶಾಂಭವಿ. ಹಗಲು ತಾಳವಾಡಿಯಲ್ಲಿ ಟ್ಯೂಷನ್ ಹೇಳುತ್ತಾರೆ. ಮುಂಜಾನೆ ಮಾತ್ರ ಎಲ್ಲರೂ ಉಚಿತವಾಗಿ ಬಳಸುವ ಗಣಿತ ತಂತ್ರಾಂಶವೊಂದನ್ನು ಪರೀಕ್ಷಿಸುವ ಕೆಲಸ. ಅದಕ್ಕೆ ಸಂಬಳವಿಲ್ಲ. ಬಳಸುವವರಿಗೆ ಇವರ ಹೆಸರೂ ಗೊತ್ತಿಲ್ಲ.

ಕಾಡಂಚಿನ ತಿಗನಾರೆ ಹಳ್ಳಿಯಲ್ಲಿ ಮಾತ್ರ ಗೊತ್ತು. ಅಲ್ಲಿನ ರಾಚ ಅವರ ರಾಗಿ ಹೊಲದಂಚಿನಲ್ಲಿ, ಆನೆಯ ದನಿ ಗುರುತಿಸಿ ಗಂಟೆ ಬಾರಿಸುವ ಯಂತ್ರವಿದೆ. ಶಾಂಭವಿ, ಗೆಳತಿ ದಿವ್ಯ ಸೇರಿ ಕಟ್ಟಿದ್ದು. ಒಳಗಿರುವುದು ಅದೇ ತಂತ್ರಾಂಶ. ಹೋದ ವರ್ಷ ಅದರ ಹೊಸ ಆವೃತ್ತಿ ಹಾಕಿದ್ದೇ ತಡ, ಯಂತ್ರ ಮೂಕವಾಯಿತು. ಆನೆಗಳು ಅರ್ಧ ಹೊಲ ಮೇದು ಹೋದವು. "ಆನೆ ಉಂಡ್ಕೊಂಡ್ ಓಯ್ತು, ನಿಮ್ ಗಂಟೆ ಮನಿಕಂಡಿತ್ತು ಕಣವ್ವ" ಎಂದ ರಾಚ ಅವರ ಮುಖ ನೋಡಲಾಗಲಿಲ್ಲ ಎನ್ನುತ್ತಾರೆ ಶಾಂಭವಿ.

ತಂತ್ರಾಂಶವನ್ನು ಪರೀಕ್ಷಿಸಿದರೆ ಸಾಮಾನ್ಯ ಸಂಖ್ಯೆಗಳ ಲೆಕ್ಕವೆಲ್ಲ ಸರಿಯಿತ್ತು. ದನಿಯನ್ನು ಬಿಡಿಸಿ ನೋಡಲು ಬೇಕಾದ ಸಂಕೀರ್ಣ ಸಂಖ್ಯೆಗಳ ಲೆಕ್ಕ ಮಾತ್ರ ಅಡ್ಡಾದಿಡ್ಡಿ. ವಾರಗಟ್ಟಲೆ ತಡಕಾಡಿದ ಮೇಲೆ ಕಾರಣ ಸಿಕ್ಕಿತು. ಲೆಕ್ಕ ಮಾಡುವ ಎರಡು ಲೈಬ್ರರಿಗಳು, ಅಂದರೆ ಮೊದಲೇ ಬರೆದಿಟ್ಟ ಕೋಡ್‌ನ ಕಟ್ಟುಗಳು, ತಂತ್ರಾಂಶದೊಳಗೆ ಒಟ್ಟಿಗೆ ಹೊಕ್ಕಿದ್ದವು. "ಒಂದು ಲೈಬ್ರರಿ ಉತ್ರಾನ ಒಂದ್ ಕಡೆ ಮಡಗದು. ತಂತ್ರಾಂಶ ಇನ್ನೊಂದರ ಪದ್ಧತಿ ನಂಬ್ಕೊಂಡು ಬೇರೆ ಕಡೆ ಉಡುಕದು. ಅಲ್ಲಿ ಬಿದ್ದಿದ್ದ ಕಸಾನೇ ಉತ್ರ ಅಂತ ತಂದ್ಕೊಡದು!" ಹೇಳುತ್ತಲೇ ಶಾಂಭವಿ ಹಣೆ ಚಚ್ಚಿಕೊಂಡು ನಗುತ್ತಾರೆ.

ಬೇಡದ ಲೈಬ್ರರಿಯನ್ನು ತೆಗೆದು, ತಂತ್ರಾಂಶವನ್ನು ಮತ್ತೆ ಕಟ್ಟಿ, ಯಂತ್ರವನ್ನು ತಿಗನಾರೆಗೆ ಒಯ್ದರು. ಮರುದಿನ ಮುಸ್ಸಂಜೆಗೆ ರಾಚ ಅವರ ಫೋನು: "ಬಡೀತು ಕಣವ್ವ, ಗಂಟೆ ಬಡೀತು! ಆನೆ ಕಾಡ್ಗೆ ಓಯ್ತು!" ಅವರ ದನಿಯ ಹಿಂದೆ ತಮಟೆ, ಕೇಕೆ. ಇತ್ತ ಜಗಲಿಯಲ್ಲಿ ದಿವ್ಯ ಕುಣಿದೇ ಕುಣಿದರಂತೆ. ಆ ತಿದ್ದುಪಡಿ ಈಗ ತಂತ್ರಾಂಶವನ್ನು ಬಳಸುವ ಎಲ್ಲರಿಗೂ ತಲುಪಿದೆ.

ಮುಂದಿನ ಆಸೆ ಏನೆಂದು ಕೇಳಿದರೆ ಶಾಂಭವಿ ಲ್ಯಾಪ್‌ಟಾಪ್ ಮುಚ್ಚುತ್ತಾರೆ. "ಒಲ ಕಾಯಕೆ ಅಟ್ಟಣೆ ಮ್ಯಾಲೆ ಚಳೀಲಿ ಕೂರ್ತಿದ್ದ ರಾಚಣ್ಣ ಈಗ ಮನೇಲಿ ಮನಿಕತನಂತೆ. ಸುತ್ತಮುತ್ತಿನ ಅಳ್ಳಿಯೋರೂ ಅಂಗೇ ಮನಿಕಳಂಗಾದ್ರೆ ಸಾಕು."