ಬೆರಳಿಗೆ ತಾಕಿದ ಚೆಂಡು

ಆಗ ನನಗೆ ಎಪ್ಪತ್ತೊಂದು. ನಾಲ್ಕು ವರ್ಷದ ಹಿಂದಿನ ಮಾತು. ಗಂಡ ಸತ್ತ ಮೇಲೆ ಮಗ ನನ್ನನ್ನು ಜರ್ಮನಿಯ ಸಿಂಡೆಲ್‌ಫಿಂಗೆನ್ನಿಗೆ ಕರೆತಂದಿದ್ದ. ಓದು ಬರಹ ನನಗೆ ಅಷ್ಟಕ್ಕಷ್ಟೆ, ಇಲ್ಲಿಯವರ ಭಾಷೆ ಇಂದಿಗೂ ಬರದು. ಮೊಮ್ಮಗಳು ಮನೆಯಿಂದಲೇ ರೈಲಿನಲ್ಲಿ ಹೋಗಿಬಂದು ಸ್ಟುಟ್‌ಗಾರ್ಟಿನಲ್ಲಿ ಓದುತ್ತಿದ್ದಳು, ಕಾಲೇಜಿನ ವಾಲಿಬಾಲ್ ತಂಡದಲ್ಲಿದ್ದಳು. ಎರಡು ವರ್ಷ ಬೆಂಚಿನ ಮೇಲೆ ಕುಳಿತು, ಮೂರನೆಯ ವರ್ಷ ಆಟಕ್ಕೆ ಇಳಿದವಳು. ಓದು ಮುಗಿಯುತ್ತ ಬಂದಿತ್ತು. ಇಡೀ ದೇಶದ ಕಾಲೇಜು ಹುಡುಗಿಯರ ಪಂದ್ಯಾವಳಿ ಆ ಸಲ ಅವಳ ಕಾಲೇಜಿನ ಊರಿನಲ್ಲೇ. ಗೆದ್ದರೆ ಈಗ, ಇಲ್ಲದಿದ್ದರೆ ಇಲ್ಲ.

ಫೈನಲ್ಲಿಗೆ ಮಗ ನನ್ನನ್ನೂ ಕರೆದೊಯ್ದ. ಕೊನೆಯ ಸೆಟ್ಟಿನಲ್ಲಿ ಗೆಲ್ಲಲು ಮೊಮ್ಮಗಳ ತಂಡಕ್ಕೆ ಒಂದೇ ಪಾಯಿಂಟು ಬೇಕಿತ್ತು. ಎದುರಿನವಳು ಹೊಡೆದಳು. ಇವಳು ತಡೆಯಲು ಕೈ ಚಾಚಿ ಹಾರಿದಳು. ಚೆಂಡು ಗೆರೆಯಾಚೆ ಬಿತ್ತು. ರೆಫರಿ ಇವರ ಕಡೆ ಕೈ ತೋರಿದ. ಹುಡುಗಿಯರು ಕಿರುಚುತ್ತ ಒಬ್ಬರ ಮೇಲೊಬ್ಬರು ಬಿದ್ದರು.

ಇವಳೊಬ್ಬಳು ಕೈ ಎತ್ತಿ ನಿಂತಿದ್ದಳು.

“ಯಾಕ ಹಂಗ ನಿಂತಾಳೊ ಈಕಿ?” ಎಂದೆ.

“ಬಾಲ್ ತನ್ನ ಬೆರಳಿಗೆ ತಾಕಿ ಹೊರಗ ಹೋತು ಅನ್ನಾಕತ್ಯಾಳ, ಯವ್ವಾ. ಹಂಗಾದ್ರ ಪಾಯಿಂಟ್ ಅವ್ರಿಗೆ.”

“ಯಾರರೆ ನೋಡಿದ್ರೇನ?”

“ಯಾರೂ ನೋಡಿಲ್ಲ.” ಮಗ ತಲೆ ಹಿಡಿದುಕೊಂಡ.

ಇಲ್ಲಿ ಆಟ ಕಲಿಸುವಾಗಲೇ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಾರಂತೆ, ತಾಕಿದರೆ ತಾಕಿತು ಅನ್ನಬೇಕು ಎಂದು. ಇವಳು ಅಂದಳು. ಪಾಯಿಂಟು ಆ ಕಡೆ ಹೋಯಿತು, ಅದರ ಹಿಂದೆ ಇನ್ನೆರಡು ಹೋದವು. ಮುಗಿಯಿತು. ಗೆದ್ದವರು ನೆಟ್ಟಿನ ಕೆಳಗೆ ನುಸುಳಿ ಬಂದು ಇವಳನ್ನು ತಬ್ಬಿಕೊಂಡರು. ಇವಳ ತಂಡದವರು ಒಬ್ಬರೂ ಹತ್ತಿರ ಬರಲಿಲ್ಲ. ಅವರೂ ಅದೇ ಪಾಠ ಕಲಿತು ಬೆಳೆದವರೇ. ಮನೆಗೆ ಬಂದು ನಾನು ಕಟ್ಟಿದ ಉಂಡೆ ತಿಂದುಹೋಗುತ್ತಿದ್ದ ಗೆಳತಿ ಕೂಡ ಚೀಲ ತುಂಬಿಕೊಂಡು, ಇವಳತ್ತ ನೋಡದೆ ಹೋದಳು.

ರೈಲಿನಲ್ಲಿ ಮಗ ಸುಮ್ಮನಿರಲಿಲ್ಲ. “ಭಾಳ ಶಾಣ್ಯಾಕಿ ನೀ. ಖರೇ ಹೇಳಿ ಏನ್ ಕಟ್ಕೊಂಡಿ? ಕಪ್ ಅವ್ರ ಮನಿಗೆ ಹೋತು.”

“ಎಗಾಲ್, ಪಾಪಾ,” ಎಂದಳು. ಇರಲಿ ಬಿಡು ಅಂತ. ಆಮೇಲೆ ನನ್ನ ಕಡೆ ತಿರುಗಿ, “ಅಜ್ಜಿ, ನೀ ಆಗಿದ್ರ ಹೇಳ್ತಿದ್ಯೇನ?”

“ಇಲ್ಲವ್ವ. ಸುಮ್ನ ಇರತಿದ್ದೆ.”

ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಅವಳು ಕಿಟಕಿಯತ್ತ ಮುಖ ಮಾಡಿದಳು.

ಮರುದಿನ ಭಾನುವಾರ. ಗೆಲ್ಲಲಿ ಸೋಲಲಿ, ತಂಡದವರೆಲ್ಲ ಬೆಳಿಗ್ಗೆ ಸೇರಿ ತಿಂಡಿ ತಿನ್ನುವುದೆಂದು ಮಾತಾಗಿತ್ತು. ಇವಳನ್ನು ಯಾರೂ ಕರೆಯಲಿಲ್ಲ, ಇವಳೂ ಕೋಣೆಯಿಂದ ಹೊರಗೆ ಬರಲಿಲ್ಲ. ಭಾನುವಾರ ಇಲ್ಲಿ ಸದ್ದು ಮಾಡುವಂತಿಲ್ಲ, ರೊಟ್ಟಿ ಬಡಿದರೆ ಕೆಳಗಿನ ಮನೆಯವರು ಬಂದು ಗಂಟೆ ಒತ್ತುತ್ತಾರೆ. ಅದಕ್ಕೆ ಚಪಾತಿ ಲಟ್ಟಿಸಿ, ಪಲ್ಯ ಹಾಕಿ, ಅವಳ ಬಾಗಿಲ ಮುಂದೆ ತಟ್ಟೆ ಇಟ್ಟೆ. ಬಾಗಿಲು ತೆರೆಯಲಿಲ್ಲ. ಆರಿದ ಮೇಲೆ ನಾನೇ ತಿಂದೆ.